ಒಂದು ಮತದ ತೂಕ

ಸಂತೆಯಲ್ಲಿ ಧಾನ್ಯ ತೂಗುವ ವರ್ತಕನ ತಕ್ಕಡಿಯನ್ನು ನೋಡದವರು ವಿರಳ. ಎರಡು ತಟ್ಟೆಗಳೂ ಸಮನಾಗಿ ನಿಂತು, ನಡುವಣ ಮುಳ್ಳು ಅತ್ತಿತ್ತ ಅಲುಗದೆ ಇರುವ ಗಳಿಗೆಯೊಂದುಂಟು. ಆಗ ಒಂದು ತಟ್ಟೆಗೆ ಹಿಡಿ ಧಾನ್ಯ ಬೇಕಾಗಿಲ್ಲ. ನಾಲ್ಕು ಕಾಳು ಬಿದ್ದರೂ ಸಾಕು, ಮುಳ್ಳು ಆ ಕಡೆಗೆ ವಾಲುತ್ತದೆ. ಕಡೆಯಲ್ಲಿ ಬಿದ್ದ ಕಾಳು ಮೊದಲು ಬಿದ್ದ ಕಾಳಿಗಿಂತ ಭಾರವಾದುದೇನೂ ಅಲ್ಲ. ಮೊದಲಿನ ಸಾವಿರಾರು ಕಾಳುಗಳು ತಟ್ಟೆಯಲ್ಲಿ ಇಲ್ಲದೇ ಹೋಗಿದ್ದರೆ ಕಡೆಯ ಕಾಳಿಗೆ ಮುಳ್ಳನ್ನು ವಾಲಿಸುವ ಶಕ್ತಿ ಬರುತ್ತಲೂ ಇರಲಿಲ್ಲ. ಪ್ರಜಾಪ್ರಭುತ್ವದ ತಕ್ಕಡಿಯೂ ಇಂಥದೇ. ಅಲ್ಲಿ ತೂಗುವ ಕಾಳು, ಪ್ರಜೆಯ ಮತ. ಇದು ಬರಿಯ ಉಪಮೆಯಲ್ಲವೆಂಬುದನ್ನು ಕರ್ನಾಟಕದ ದಕ್ಷಿಣ ಭಾಗದ ವಿಧಾನಸಭಾ ಕ್ಷೇತ್ರವೊಂದು 2004ರಲ್ಲಿ ತೋರಿಸಿಕೊಟ್ಟಿತು. ಆ ಕ್ಷೇತ್ರದ ಹೆಸರಿನಲ್ಲಿಯೇ ಸಂತೆ ಇದೆ. ಅದು ಸಂತೇಮರಹಳ್ಳಿ.

ಚಾಮರಾಜನಗರದಿಂದ ಯಳಂದೂರಿನ ಮಾರ್ಗವಾಗಿ ಕೊಳ್ಳೇಗಾಲಕ್ಕೆ ಹೋಗುವ ಹಾದಿಯಲ್ಲಿ ಸಂತೇಮರಹಳ್ಳಿ ಸಿಗುತ್ತದೆ. ರೇಷ್ಮೆ ಬೆಳೆಗೆ ಹೆಸರಾದ ಸೀಮೆ ಅದು. ದೂರದಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು. ಅದರ ಕಾಡಿನ ನಡುವೆ ಸೋಲಿಗರ ಪೋಡುಗಳು. ‘ಹದಿಬದೆಯ ಧರ್ಮ’ವನ್ನು ರಚಿಸಿದ ಸಂಚಿಯ ಹೊನ್ನಮ್ಮನ ಊರೆಂದು ಹೆಸರಾದ ಯಳಂದೂರು ಅಲ್ಲಿಗೆ ಸಮೀಪ. ಮೊದಲು ಮೈಸೂರು ಜಿಲ್ಲೆಗೆ ಸೇರಿದ್ದ ಈ ಪ್ರದೇಶ 1997ರಲ್ಲಿ ಹೊಸದಾಗಿ ರಚಿತವಾದ ಚಾಮರಾಜನಗರ ಜಿಲ್ಲೆಗೆ ಸೇರಿತು. ಸಂತೇಮರಹಳ್ಳಿ ಕ್ಷೇತ್ರವು ಪರಿಶಿಷ್ಟ ಜಾತಿಯವರಿಗೆ ಮೀಸಲಾಗಿದ್ದ ಕ್ಷೇತ್ರ. ಮುಂದೆ ಹಿಮಾಚಲ ಪ್ರದೇಶ ಹಾಗೂ ಕೇರಳ ರಾಜ್ಯಗಳ ರಾಜ್ಯಪಾಲರಾದ ಬಿ. ರಾಚಯ್ಯನವರು ಈ ಕ್ಷೇತ್ರವನ್ನು ವಿಧಾನಸಭೆಯಲ್ಲಿ ಪ್ರತಿನಿಧಿಸಿದ್ದರು.

2004ರ ಏಪ್ರಿಲ್ ತಿಂಗಳಿನಲ್ಲಿ ಕರ್ನಾಟಕದಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ನಡೆಯಿತು. ಸಂತೇಮರಹಳ್ಳಿಯಲ್ಲಿ ಮುಖ್ಯ ಸ್ಪರ್ಧೆ ನಡೆದದ್ದು ಇಬ್ಬರ ನಡುವೆ. ಜನತಾದಳ (ಜಾತ್ಯತೀತ) ಪಕ್ಷದಿಂದ ನಿಂತವರು ರಾಚಯ್ಯನವರ ಪುತ್ರ ಎ.ಆರ್. ಕೃಷ್ಣಮೂರ್ತಿ, ಕಾಂಗ್ರೆಸ್ ಪಕ್ಷದಿಂದ ನಿಂತವರು ಕೃಷಿ ವಿಜ್ಞಾನವನ್ನು ಅಭ್ಯಾಸ ಮಾಡಿದ್ದ ಆರ್. ಧ್ರುವನಾರಾಯಣ. ಮೇ 13ರಂದು ಮತಗಳ ಎಣಿಕೆಯಾಯಿತು. ಕೃಷ್ಣಮೂರ್ತಿಯವರಿಗೆ ದೊರೆತ ಮತಗಳು 40,751. ಧ್ರುವನಾರಾಯಣ ಅವರಿಗೆ ದೊರೆತ ಮತಗಳು 40,752. ಇಬ್ಬರಿಗೂ ಸೇರಿ ಬಿದ್ದ ಮತಗಳು 81,503. ಗೆದ್ದವರಿಗೂ ಸೋತವರಿಗೂ ನಡುವೆ ಇದ್ದ ಅಂತರ ಒಂದೇ ಒಂದು ಮತ! ಲೆಕ್ಕದ ಪುಸ್ತಕದಲ್ಲಿ ಇಂಥ ಉದಾಹರಣೆಯನ್ನು ಕೊಟ್ಟಿದ್ದರೆ ವಿದ್ಯಾರ್ಥಿಗಳು ಅದನ್ನು ಕಲ್ಪನೆಯೆಂದೇ ಭಾವಿಸುತ್ತಿದ್ದರು.

ಈ ಒಂದು ಮತದ ಮಹತ್ತ್ವವನ್ನು ತಿಳಿಯಬೇಕಾದರೆ ಮೊದಲು ವಿಧಾನಸಭಾ ಕ್ಷೇತ್ರವೆಂದರೇನು, ಅಲ್ಲಿಂದ ಆಯ್ಕೆಯಾಗುವ ಶಾಸಕನ ಸ್ಥಾನವೆಂಥದು ಎಂಬುದನ್ನು ತಿಳಿಯಬೇಕು.

ಇಡೀ ರಾಜ್ಯದ ಜನರು ಒಂದೆಡೆ ಕುಳಿತು ಕಾನೂನು ಮಾಡಲಾರರು. ಆದ್ದರಿಂದ ರಾಜ್ಯವನ್ನು ಜನಸಂಖ್ಯೆಗೆ ಅನುಗುಣವಾಗಿ ಭಾಗಗಳನ್ನಾಗಿ ವಿಂಗಡಿಸಿ, ಒಂದೊಂದು ಭಾಗದಿಂದ ಒಬ್ಬೊಬ್ಬ ಪ್ರತಿನಿಧಿಯನ್ನು ಆರಿಸಲಾಗುತ್ತದೆ. ಹೀಗೆ ವಿಂಗಡಿಸಿದ ಒಂದು ಭಾಗವೇ ವಿಧಾನಸಭಾ ಕ್ಷೇತ್ರ. ಕರ್ನಾಟಕದಲ್ಲಿ ಇಂಥ ಕ್ಷೇತ್ರಗಳು 224. ಇವುಗಳ ಪೈಕಿ 36 ಕ್ಷೇತ್ರಗಳು ಪರಿಶಿಷ್ಟ ಜಾತಿಗಳಿಗೂ 15 ಕ್ಷೇತ್ರಗಳು ಪರಿಶಿಷ್ಟ ಪಂಗಡಗಳಿಗೂ ಮೀಸಲು. ಮೀಸಲು ಕ್ಷೇತ್ರದಲ್ಲಿ ಆಯಾ ವರ್ಗಕ್ಕೆ ಸೇರಿದವರು ಮಾತ್ರ ಅಭ್ಯರ್ಥಿಗಳಾಗಬಹುದು. ಆದರೆ ಮತ ಹಾಕುವವರು ಆ ಕ್ಷೇತ್ರದ ಎಲ್ಲ ಮತದಾರರು. ಶತಮಾನಗಳ ಕಾಲ ಅಧಿಕಾರದ ಬಾಗಿಲಿನಿಂದ ಹೊರಗೇ ನಿಲ್ಲಬೇಕಾಗಿದ್ದ ಜನರ ದನಿ ಶಾಸನಸಭೆಯೊಳಗೆ ಕೇಳಬೇಕೆಂಬುದು ಈ ಏರ್ಪಾಡಿನ ಉದ್ದೇಶ.

ಈ ವ್ಯವಸ್ಥೆ ಒಂದೇ ದಿನದಲ್ಲಿ ರೂಪುಗೊಂಡುದಲ್ಲ. 1881ರಲ್ಲಿ ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಮೊದಲ ಸಭೆಗೆ ಬಂದ 144 ಮಂದಿ ಸದಸ್ಯರಲ್ಲಿ ಹೆಚ್ಚಿನವರು ಜಮೀನುದಾರರು ಹಾಗೂ ವರ್ತಕರು. ಅವರು ಪ್ರಜೆಗಳ ಕುಂದುಕೊರತೆಗಳನ್ನು ಅರಿಕೆ ಮಾಡಿಕೊಳ್ಳಬಹುದಾಗಿತ್ತೇ ವಿನಾ ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. ಮುಂದೆ ಪ್ರತಿನಿಧಿಗಳ ಆಯ್ಕೆಗೆ ಚುನಾವಣೆ ಬಂದಾಗಲೂ ಮತದಾನದ ಹಕ್ಕು ಆಸ್ತಿ, ಕಂದಾಯ, ವಿದ್ಯೆ ಇವುಗಳುಳ್ಳ ಕೆಲವರಿಗೆ ಮಾತ್ರ ಮೀಸಲಾಗಿತ್ತು. ಬಡ ರೈತ, ಕೂಲಿಯವನು, ಓದು ಬಾರದ ಹೆಣ್ಣುಮಗಳು ಇವರೆಲ್ಲರೂ ಮತದಾರರಾದದ್ದು ಸ್ವತಂತ್ರ ಭಾರತದ ಸಂವಿಧಾನ ಜಾರಿಗೆ ಬಂದ ಮೇಲೆ. 1952ರಲ್ಲಿ ನಡೆದ ಮೊದಲ ಮಹಾಚುನಾವಣೆಯ ಕಾಲಕ್ಕೆ ಅಂದಿನ ಮೈಸೂರು ರಾಜ್ಯದ ವಿಧಾನಸಭೆಯ ಸ್ಥಾನಗಳು 99. ಕನ್ನಡ ಪ್ರದೇಶಗಳು ಒಂದಾದ ಮೇಲೆ 1957ರಲ್ಲಿ ಆ ಸಂಖ್ಯೆ 208 ಆಯಿತು, 1967ರಲ್ಲಿ 216, 1978ರಲ್ಲಿ 224. ಮತದಾನದ ಹಕ್ಕು ಪಡೆಯಲು ಮೊದಲು 21 ವರ್ಷ ತುಂಬಿರಬೇಕಾಗಿತ್ತು. ಸಂವಿಧಾನದ 61ನೆಯ ತಿದ್ದುಪಡಿಯು 1989ರಲ್ಲಿ ಅದನ್ನು 18 ವರ್ಷಕ್ಕೆ ಇಳಿಸಿತು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ವಿದ್ಯಾರ್ಥಿಗೆ ಆ ದಿನ ಬಹಳ ದೂರವೇನೂ ಇಲ್ಲ.

ಕ್ಷೇತ್ರದಿಂದ ಆಯ್ಕೆಯಾಗಿ ಬರುವವನೇ ಶಾಸಕ. ವಿಧಾನಸಭೆಗೆ ಸ್ಪರ್ಧಿಸುವವರು ಭಾರತದ ಪ್ರಜೆಯಾಗಿರಬೇಕು; 25 ವರ್ಷ ತುಂಬಿರಬೇಕು; ರಾಜ್ಯದ ಯಾವುದಾದರೊಂದು ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಅವರ ಹೆಸರಿರಬೇಕು. ಗೆದ್ದವರು ಸಂವಿಧಾನಕ್ಕೆ ನಿಷ್ಠರಾಗಿರುವುದಾಗಿ ಪ್ರಮಾಣವಚನ ಸ್ವೀಕರಿಸಿದ ಮೇಲಷ್ಟೇ ಸಭೆಯಲ್ಲಿ ತಮ್ಮ ಸ್ಥಾನದಲ್ಲಿ ಕುಳಿತುಕೊಳ್ಳಬಹುದು. ವಿಧಾನಸಭೆಯ ಅವಧಿ ಸಾಮಾನ್ಯವಾಗಿ 5 ವರ್ಷ.

ಊರಿನ ರಸ್ತೆ, ಶಾಲಾ ಕೊಠಡಿ, ಕುಡಿಯುವ ನೀರು ಇವುಗಳಿಗಾಗಿ ಜನರು ಶಾಸಕರ ಮನೆಯ ಬಾಗಿಲಿಗೆ ಹೋಗುವುದು ವಾಡಿಕೆ. ಈ ಬೇಡಿಕೆಗಳನ್ನು ಸರ್ಕಾರದ ಗಮನಕ್ಕೆ ತರುವುದು ಶಾಸಕನ ಕರ್ತವ್ಯವೇ. ಆದರೆ ಅವನ ಹೊಣೆ ಅಷ್ಟಕ್ಕೇ ಮುಗಿಯುವುದಿಲ್ಲ. ರಾಜ್ಯದ ಕಾನೂನುಗಳನ್ನು ಚರ್ಚಿಸಿ ಅಂಗೀಕರಿಸುವುದು, ಆಯವ್ಯಯವನ್ನು ಪರಿಶೀಲಿಸಿ ಒಪ್ಪಿಗೆ ಕೊಡುವುದು, ಪ್ರಶ್ನೋತ್ತರದ ವೇಳೆಯಲ್ಲಿ ಮಂತ್ರಿಗಳಿಂದ ಉತ್ತರ ಪಡೆಯುವುದು ಇವು ಅವನ ಮುಖ್ಯ ಕೆಲಸಗಳು. ಒಂದು ಸರ್ಕಾರ ಉಳಿಯಬೇಕೆ ಬೀಳಬೇಕೆ ಎಂಬುದೂ ಸಭೆಯ ಬಹುಮತವನ್ನೇ ಅವಲಂಬಿಸಿದೆ. ರಾಷ್ಟ್ರಪತಿಯ ಚುನಾವಣೆಯಲ್ಲಿಯೂ ರಾಜ್ಯಸಭೆಯ ಸದಸ್ಯರ ಚುನಾವಣೆಯಲ್ಲಿಯೂ ಶಾಸಕನಿಗೆ ಮತವುಂಟು. ಸಂತೇಮರಹಳ್ಳಿಯ ಫಲಿತಾಂಶ ಬಂದ ವರ್ಷವೇ ಕರ್ನಾಟಕದಲ್ಲಿ ಯಾವ ಪಕ್ಷಕ್ಕೂ ಸ್ಪಷ್ಟ ಬಹುಮತ ಬರಲಿಲ್ಲ. ಭಾರತೀಯ ಜನತಾ ಪಕ್ಷಕ್ಕೆ 79, ಕಾಂಗ್ರೆಸ್ಸಿಗೆ 65, ಜನತಾದಳ (ಜಾತ್ಯತೀತ) ಪಕ್ಷಕ್ಕೆ 58 ಸ್ಥಾನಗಳು ದೊರೆತವು. ಇಂಥ ಸಭೆಯಲ್ಲಿ ಒಂದೊಂದು ಸ್ಥಾನವೂ ಬೆಲೆಯುಳ್ಳದ್ದು. ಸದನದಲ್ಲಿ ಒಂದು ಮತ ಏನು ಮಾಡಬಲ್ಲುದೆಂಬುದಕ್ಕೆ ಲೋಕಸಭೆಯೇ ಸಾಕ್ಷಿ. 1999ರ ಏಪ್ರಿಲ್ 17ರಂದು ಅಟಲ್ ಬಿಹಾರಿ ವಾಜಪೇಯಿಯವರ ಸರ್ಕಾರ ವಿಶ್ವಾಸಮತದಲ್ಲಿ 269ಕ್ಕೆ 270ರಂತೆ ಒಂದೇ ಮತದಿಂದ ಬಿದ್ದುಹೋಯಿತು.

ಇಷ್ಟು ಹೊಣೆಯುಳ್ಳ ಸ್ಥಾನಕ್ಕೆ ಒಬ್ಬರನ್ನು ಆರಿಸುವ ಕಾರ್ಯವನ್ನು ರಾಷ್ಟ್ರವು ಎಷ್ಟು ಎಚ್ಚರದಿಂದ ನಡೆಸುತ್ತದೆಂಬುದು ಗಮನಾರ್ಹ. ಮೊದಲು ಮತದಾರರ ಪಟ್ಟಿಯನ್ನು ಪರಿಷ್ಕರಿಸಲಾಗುತ್ತದೆ. ಸತ್ತವರ ಹೆಸರು ತೆಗೆದು ಹೊಸಬರ ಹೆಸರು ಸೇರಿಸಲಾಗುತ್ತದೆ. ಅಭ್ಯರ್ಥಿಗಳು ನಾಮಪತ್ರ ಸಲ್ಲಿಸಿ ಠೇವಣಿ ಕಟ್ಟುತ್ತಾರೆ. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೆಯ ಒಂದು ಭಾಗಕ್ಕಿಂತ ಹೆಚ್ಚು ಮತ ಪಡೆಯದೆ ಸೋತವರು ಆ ಠೇವಣಿಯನ್ನು ಕಳೆದುಕೊಳ್ಳುತ್ತಾರೆ. ಮತದಾನ ಮುಗಿಯುವ 48 ಗಂಟೆಗಳ ಮುಂಚೆಯೇ ಬಹಿರಂಗ ಪ್ರಚಾರ ನಿಲ್ಲಬೇಕು. ಗದ್ದಲವೆಲ್ಲ ಅಡಗಿದ ಮೇಲೆ ಮತದಾರ ಶಾಂತನಾಗಿ ಆಲೋಚಿಸಲಿ ಎಂಬುದು ಈ ನಿಯಮದ ಆಶಯ.

ಮತದಾರ ಬಹು ದೂರ ನಡೆಯಬೇಕಾಗದಂತೆ ಮತಗಟ್ಟೆಗಳನ್ನು ಸಾಧ್ಯವಾದಮಟ್ಟಿಗೆ ಎರಡು ಕಿಲೋಮೀಟರಿನೊಳಗೆ ಇಡಲಾಗುತ್ತದೆ. ಗುಜರಾತಿನ ಗಿರ್ ಅರಣ್ಯದ ಬಾಣೇಜ್ ಎಂಬಲ್ಲಿ ಹಲವು ಚುನಾವಣೆಗಳಲ್ಲಿ ಒಬ್ಬನೇ ಒಬ್ಬ ಮತದಾರನಿಗಾಗಿ ಮತಗಟ್ಟೆ ಸ್ಥಾಪಿತವಾಯಿತು. ಅಲ್ಲಿದ್ದವನು ಕಾಡಿನ ನಡುವಣ ದೇವಸ್ಥಾನದ ಅರ್ಚಕ. ಅವನೊಬ್ಬನ ಮತಕ್ಕಾಗಿ ಅಧಿಕಾರಿಗಳ ತಂಡವೊಂದು ಸಿಂಹಗಳಿರುವ ಕಾಡನ್ನು ಹೊಕ್ಕು ಹೋಗುತ್ತಿತ್ತು. ಒಬ್ಬನಿಗಾಗಿ ಇಷ್ಟು ಶ್ರಮವೇಕೆಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರವನ್ನು ಸಂತೇಮರಹಳ್ಳಿಯ ಫಲಿತಾಂಶವೇ ಹೇಳುತ್ತದೆ.

ಮತಗಟ್ಟೆಗೆ ಬಂದವನ ಎಡಗೈಯ ತೋರುಬೆರಳಿಗೆ ಅಳಿಸಲಾಗದ ಶಾಯಿಯ ಗುರುತು ಹಾಕಲಾಗುತ್ತದೆ. ಒಬ್ಬನಿಗೆ ಒಂದೇ ಮತ ಎಂಬ ತತ್ತ್ವದ ಕಾವಲುಗಾರ ಈ ಗುರುತು. ಈ ಶಾಯಿ ತಯಾರಾಗುವುದು ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಆರಂಭವಾದ ಬಣ್ಣದ ಕಾರ್ಖಾನೆಯೇ 1962ರ ಚುನಾವಣೆಯಿಂದ ಮೊದಲುಗೊಂಡು ದೇಶಕ್ಕೆಲ್ಲ ಈ ಶಾಯಿಯನ್ನು ಒದಗಿಸುತ್ತ ಬಂದಿದೆ. ಹಿಂದೆ ಮತದಾರರು ಮತಪತ್ರದ ಮೇಲೆ ಮುದ್ರೆಯೊತ್ತಿ ಪೆಟ್ಟಿಗೆಯೊಳಗೆ ಹಾಕುತ್ತಿದ್ದರು. 2004ರ ಹೊತ್ತಿಗೆ ಮತಯಂತ್ರ ಬಂದಿತ್ತು. ಸಾಧನ ಯಾವುದಾದರೂ ನಿಯಮ ಒಂದೇ: ಮತ ಗುಪ್ತವಾಗಿರಬೇಕು. ಯಜಮಾನನಿಗೂ ಅವನ ಆಳಿಗೂ, ಸಾಹುಕಾರನಿಗೂ ಅವನ ಸಾಲಗಾರನಿಗೂ ಆ ಮರೆಯ ಹಿಂದೆ ಸಮಾನ ಅಧಿಕಾರ. ಬೇರೆಲ್ಲಿಯೂ ಸಮಾನರಾಗದವರು ಅಲ್ಲಿ ಒಂದು ಗಳಿಗೆಯಾದರೂ ಸಮಾನರಾಗುತ್ತಾರೆ.

ಈಗ ಮತ್ತೆ ಸಂತೇಮರಹಳ್ಳಿಗೆ ಬರಬಹುದು. ಫಲಿತಾಂಶ ಪ್ರಕಟವಾದ ಮೇಲೆ ಒಂದು ಸಂಗತಿ ಜನರ ಬಾಯಿಂದ ಬಾಯಿಗೆ ಹರಡಿ ಪತ್ರಿಕೆಗಳಲ್ಲಿಯೂ ಬಂದಿತು. ಸೋತ ಅಭ್ಯರ್ಥಿಯ ಕಾರಿನ ಚಾಲಕ ಮತದಾನದ ದಿನ ಕೆಲಸದ ಮೇಲಿದ್ದುದರಿಂದ ತನ್ನ ಮತ ಹಾಕಲು ಅವನಿಗೆ ಬಿಡುವಾಗಲಿಲ್ಲ ಎಂಬುದೇ ಆ ಸಂಗತಿ. ಕೇಳಿದವರು ‘ಅಯ್ಯೋ, ಆ ಒಬ್ಬ ಮತ ಹಾಕಿದ್ದರೆ!’ ಎಂದು ಮರುಗಿದರು. ಮತದಾನದ ದಿನ ದುಡಿಯುವವರಿಗೆ ಸಂಬಳಸಹಿತ ರಜೆ ಕೊಡಬೇಕೆಂದು ಚುನಾವಣಾ ಕಾನೂನಿಗೆ 1996ರಲ್ಲಿ ಸೇರಿಸಿದ ನಿಯಮ ಎಷ್ಟು ದೂರದೃಷ್ಟಿಯದೆಂಬುದಕ್ಕೆ ಈ ಸಂಗತಿಯನ್ನು ಇಂದಿಗೂ ಉದಾಹರಿಸುವುದುಂಟು.

ಆದರೆ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದರ ಪಾಠ ಅರ್ಧ ಮಾತ್ರ ತಿಳಿದಂತೆ. ಲೆಕ್ಕವನ್ನು ಸರಿಯಾಗಿ ನೋಡಬೇಕು. ಆ ಚಾಲಕ ತನ್ನ ಒಡೆಯನಿಗೇ ಮತ ಹಾಕಿದ್ದನೆಂದು ಇಟ್ಟುಕೊಂಡರೂ ಅವರು ಗೆಲ್ಲುತ್ತಿರಲಿಲ್ಲ. ಇಬ್ಬರ ಮತಗಳೂ 40,752 ಆಗಿ ಸಮವಾಗುತ್ತಿದ್ದವು. ಗೆಲ್ಲಲು ಇನ್ನೂ ಒಂದು ಮತ ಬೇಕಾಗುತ್ತಿತ್ತು. ಅಂದು ಮತಗಟ್ಟೆಗೆ ಬಾರದೆ ಉಳಿದವನು ಅವನೊಬ್ಬನೇ ಅಲ್ಲ. ಯಾವ ಕ್ಷೇತ್ರದಲ್ಲಿಯೂ ಎಲ್ಲ ಮತದಾರರೂ ಬಂದು ಮತ ಹಾಕುವುದು ಕಾಣದ ಮಾತು. ಬಿಸಿಲೆಂದು ಬಾರದವರು, ಹೊಲದ ಕೆಲಸವಿದೆಯೆಂದು ನಾಳೆಗೆ ತಳ್ಳಿದವರು, ಪರಊರಿನಿಂದ ಬರಲು ಬೇಸರಪಟ್ಟವರು, ‘ನನ್ನ ಒಂದು ಮತದಿಂದ ಏನಾದೀತು?’ ಎಂದು ಸುಮ್ಮನಾದವರು ಎಲ್ಲೆಲ್ಲೂ ಇರುತ್ತಾರೆ. ಅಂಥವರಲ್ಲಿ ಯಾರೇ ಇಬ್ಬರು ಒಂದೇ ಮನಸ್ಸಿನಿಂದ ಬಂದಿದ್ದರೂ ಸಂತೇಮರಹಳ್ಳಿಯ ಶಾಸಕರು ಬೇರೆಯವರಾಗುತ್ತಿದ್ದರು. ಹಾಗಿರುವಾಗ ಭಾರವನ್ನೆಲ್ಲ ಒಬ್ಬ ಬಡ ಚಾಲಕನ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಬಾರದವರ ಮಾತು ಹಾಗಿರಲಿ, ಬಂದವರ ಮಾತೇನು? ಗೆದ್ದವರಿಗೆ ಮತ ನೀಡಿದ 40,752 ಮಂದಿಯಲ್ಲಿ ಯಾರೊಬ್ಬರು ಮನೆಯಲ್ಲಿ ಉಳಿದಿದ್ದರೂ ಆ ಗೆಲುವು ನಿಲ್ಲುತ್ತಿರಲಿಲ್ಲ. ಗದ್ದೆಯಿಂದ ಕೆಸರುಗಾಲಿನಲ್ಲಿಯೇ ಬಂದವನ ಮತ, ಕೈಗೂಸನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತವಳ ಮತ, ಕೋಲೂರಿಕೊಂಡು ಬಂದ ವೃದ್ಧನ ಮತ, ಇವುಗಳಲ್ಲಿ ಗೆಲ್ಲಿಸಿದ ಮತ ಯಾವುದು? ಎಲ್ಲವೂ ಅದೇ. ಪ್ರತಿಯೊಬ್ಬರೂ ‘ಗೆಲ್ಲಿಸಿದವನು ನಾನು’ ಎಂದು ಹೇಳಿಕೊಳ್ಳಬಹುದು. ಹೇಳಿದ ಪ್ರತಿಯೊಬ್ಬರ ಮಾತೂ ಸತ್ಯವೇ. ಕಡೆಯ ಕಾಳು ಮುಳ್ಳನ್ನು ವಾಲಿಸಿತೆಂದು ನೋಡಿದವರಿಗೆ ತೋರುತ್ತದೆ. ನಿಜವಾಗಿ ವಾಲಿಸಿದ್ದು ತಟ್ಟೆಯಲ್ಲಿರುವ ಅಷ್ಟೂ ಕಾಳು.

ಹಳ್ಳಿಗಳಲ್ಲಿ ಹೇಳುವ ಕಥೆಯೊಂದು ಇಲ್ಲಿ ನೆನಪಿಗೆ ಬರುತ್ತದೆ. ಒಬ್ಬ ಅರಸ ಹೊಸದಾಗಿ ಕೊಳವೊಂದನ್ನು ಕಟ್ಟಿಸಿ, ರಾತ್ರಿ ಪ್ರತಿಯೊಂದು ಮನೆಯವರೂ ಒಂದೊಂದು ಚೆಂಬು ಹಾಲನ್ನು ಅದರಲ್ಲಿ ಸುರಿಯಬೇಕೆಂದು ಡಂಗುರ ಹೊಡೆಸಿದನಂತೆ. ಊರೆಲ್ಲ ಹಾಲು ಸುರಿಯುವಾಗ ತನ್ನದೊಂದು ಚೆಂಬು ನೀರಾದರೆ ಯಾರಿಗೆ ತಿಳಿದೀತು ಎಂದು ಒಬ್ಬ ನೀರು ಸುರಿದ. ಹಾಗೆ ಯೋಚಿಸಿದವನು ಅವನೊಬ್ಬನೇ ಆಗಿರಲಿಲ್ಲ. ಬೆಳಗಾಗಿ ನೋಡಿದರೆ ಕೊಳದ ತುಂಬ ಬರಿಯ ನೀರು! ‘ನನ್ನದೊಂದರಿಂದ ಏನು?’ ಎಂಬ ಮಾತು ಒಬ್ಬನ ಬಾಯಲ್ಲಿ ಸಣ್ಣದು. ಊರಿನ ಬಾಯಲ್ಲಿ ಅದೇ ವಿನಾಶ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆ ಹೇಳುವುದೂ ಇದನ್ನೇ.

ಸಂತೇಮರಹಳ್ಳಿಯ ಫಲಿತಾಂಶವನ್ನು ಎಂದೋ ಒಮ್ಮೆ ನಡೆದ ವಿಚಿತ್ರವೆಂದು ತಳ್ಳಿಹಾಕುವಂತೆಯೂ ಇಲ್ಲ. 2008ರಲ್ಲಿ ರಾಜಸ್ಥಾನದ ನಾಥದ್ವಾರ ಕ್ಷೇತ್ರದಲ್ಲಿ ಕಲ್ಯಾಣ್ ಸಿಂಗ್ ಚೌಹಾಣ್ ಅವರು 62,216 ಮತಗಳನ್ನು ಪಡೆದರೆ, ತಮ್ಮ ಪಕ್ಷದ ರಾಜ್ಯ ಅಧ್ಯಕ್ಷರಾಗಿದ್ದ ಸಿ.ಪಿ. ಜೋಶಿಯವರು 62,215 ಮತಗಳನ್ನು ಪಡೆದು ಒಂದೇ ಮತದಿಂದ ಸೋತರು. 2023ರಲ್ಲಿ ಬೆಂಗಳೂರಿನ ಜಯನಗರ ಕ್ಷೇತ್ರದ ಫಲಿತಾಂಶ ಕೇವಲ 16 ಮತಗಳ ಅಂತರದಲ್ಲಿ ನಿರ್ಧಾರವಾಯಿತು.

ಮತಗಳು ಸಮಸಮವಾದರೆ ಏನು ಮಾಡಬೇಕೆಂಬುದನ್ನೂ ಕಾನೂನು ಹೇಳಿದೆ. ಚುನಾವಣಾಧಿಕಾರಿಯು ಚೀಟಿ ಎತ್ತಿಸುತ್ತಾನೆ. ಯಾರ ಹೆಸರಿನ ಚೀಟಿ ಬರುವುದೋ ಅವರಿಗೆ ಒಂದು ಮತ ಹೆಚ್ಚಾಗಿ ಬಂದಿತೆಂದು ಭಾವಿಸಿ ಅವರನ್ನೇ ವಿಜಯಿಯೆಂದು ಸಾರಲಾಗುತ್ತದೆ. ಇಂಥ ಪ್ರಸಂಗವೊಂದು ಅಮೆರಿಕದ ವರ್ಜೀನಿಯ ರಾಜ್ಯದಲ್ಲಿ ನಡೆಯಿತು. ಅಲ್ಲಿಯ ಶಾಸನಸಭೆಯ ಕೆಳಮನೆಯಲ್ಲಿ 100 ಸ್ಥಾನಗಳು. ಅವಧಿ ಎರಡು ವರ್ಷ. 2017ರ ನವೆಂಬರಿನಲ್ಲಿ ನ್ಯೂಪೋರ್ಟ್ ನ್ಯೂಸ್ ನಗರದ 94ನೆಯ ಕ್ಷೇತ್ರದಲ್ಲಿ ಶಾಸಕ ಡೇವಿಡ್ ಯಾನ್ಸಿ ಹಾಗೂ ಶೆಲ್ಲಿ ಸೈಮಂಡ್ಸ್ ಎಂಬ ಮಹಿಳೆ ಎದುರಾಳಿಗಳಾಗಿದ್ದರು. ಮೊದಲ ಎಣಿಕೆಯಲ್ಲಿ ಯಾನ್ಸಿ ಮುಂದಿದ್ದರು. ಮರುಎಣಿಕೆಯಲ್ಲಿ ಸೈಮಂಡ್ಸ್ ಅವರಿಗೆ ಒಂದು ಮತ ಹೆಚ್ಚು ಬಂದಿತು. ಮರುದಿನ ಒಂದು ಮತಪತ್ರದ ಬಗ್ಗೆ ವಿವಾದವೆದ್ದಿತು. ಆ ಮತದಾರ ಇಬ್ಬರ ಹೆಸರಿನ ಮುಂದೆಯೂ ಗುರುತು ಮಾಡಿ ಒಂದನ್ನು ಗೀಟೆಳೆದು ಹೊಡೆದುಹಾಕಿದ್ದ. ಮೂವರು ನ್ಯಾಯಾಧೀಶರು ಅದನ್ನು ಪರೀಕ್ಷಿಸಿ ಯಾನ್ಸಿಯವರ ಮತವೆಂದು ತೀರ್ಮಾನಿಸಿದರು. ಇಬ್ಬರಿಗೂ 11,608 ಮತಗಳಾದವು. 2018ರ ಜನವರಿ 4ರಂದು ಇಬ್ಬರ ಹೆಸರುಗಳನ್ನೂ ಎರಡು ಪುಟ್ಟ ಡಬ್ಬಿಗಳಲ್ಲಿ ಮುಚ್ಚಿ, ವಸ್ತುಸಂಗ್ರಹಾಲಯದಿಂದ ತರಿಸಿದ ಪಿಂಗಾಣಿಯ ಬೋಗುಣಿಯಲ್ಲಿ ಹಾಕಿ ಎತ್ತಲಾಯಿತು. ಬಂದ ಹೆಸರು ಯಾನ್ಸಿಯವರದು. ಅದರಿಂದ ಅವರ ಪಕ್ಷಕ್ಕೆ ಸಭೆಯಲ್ಲಿ 51 ಸ್ಥಾನಗಳಾಗಿ ಬಹುಮತ ದೊರೆಯಿತು. ಬೇರೆ ಹೆಸರು ಬಂದಿದ್ದರೆ ಎರಡು ಪಕ್ಷಗಳಿಗೂ ಐವತ್ತೈವತ್ತು ಸ್ಥಾನಗಳಾಗುತ್ತಿದ್ದವು. 2019ರ ಚುನಾವಣೆಯಲ್ಲಿ ಅದೇ ಕ್ಷೇತ್ರದ ಜನರು ಸೈಮಂಡ್ಸ್ ಅವರನ್ನು ಗೆಲ್ಲಿಸಿದರು.

ಬೋಗುಣಿಯೊಳಗಿನ ಡಬ್ಬಿಗೆ ವಿವೇಕವಿಲ್ಲ. ಯಾರು ಯೋಗ್ಯರು, ಯಾರು ಅಲ್ಲ ಎಂಬುದು ಅದಕ್ಕೆ ತಿಳಿಯದು. ಮನುಷ್ಯರು ಮಾಡಬೇಕಾದ ತೀರ್ಮಾನವನ್ನು ಪೂರ್ಣವಾಗಿ ಮಾಡದೆ ಬಿಟ್ಟಾಗ ಅದು ಅದೃಷ್ಟದ ಪಾಲಾಗುತ್ತದೆ. ಮತ ಹಾಕದವನು ತಾನು ಯಾರ ಪರವೂ ಅಲ್ಲವೆಂದು ತಿಳಿದುಕೊಳ್ಳಬಹುದು. ಆದರೆ ಅವನು ತನ್ನ ಪಾಲಿನ ತೀರ್ಮಾನವನ್ನು ಇತರರ ಕೈಗೆ ಒಪ್ಪಿಸಿ ಬಂದಿರುತ್ತಾನೆ.

ಫಲಿತಾಂಶದಲ್ಲಿ ತಪ್ಪಾಗಿದೆಯೆಂದು ಕಂಡವರು 45 ದಿನಗಳೊಳಗೆ ಉಚ್ಚ ನ್ಯಾಯಾಲಯದಲ್ಲಿ ಚುನಾವಣಾ ತಕರಾರು ಅರ್ಜಿ ಸಲ್ಲಿಸಬಹುದು. ಪ್ರಜಾಪ್ರಭುತ್ವದಲ್ಲಿ ಸೋತವನಿಗೂ ದಾರಿಗಳುಂಟು: ನ್ಯಾಯಾಲಯದ ದಾರಿ ಒಂದು, ಮುಂದಿನ ಚುನಾವಣೆಯ ದಾರಿ ಮತ್ತೊಂದು. ದೊಣ್ಣೆಯ ದಾರಿ ಮಾತ್ರ ಅಲ್ಲಿಲ್ಲ. ಎಂಬತ್ತು ಸಾವಿರಕ್ಕೂ ಮಿಕ್ಕ ಜನರ ಸ್ಪರ್ಧೆ ಒಂದು ಮತದಲ್ಲಿ ಮುಗಿದಾಗಲೂ ಆ ಒಂದನ್ನು ಒಂದೆಂದೇ ಒಪ್ಪಿಕೊಂಡು ಬಾಳುವುದು ಪ್ರಜಾಪ್ರಭುತ್ವದ ಸಂಸ್ಕಾರ. ಗೆದ್ದವರಿಗೂ ಒಂದು ಸಂಸ್ಕಾರ ಬೇಕು. ಒಂದು ಮತದಿಂದ ಗೆದ್ದ ಶಾಸಕ ತನಗೆ ಮತ ಕೊಟ್ಟವರಿಗೆ ಮಾತ್ರ ಶಾಸಕನಲ್ಲ. ಎದುರಾಳಿಗೆ ಮತ ಕೊಟ್ಟವರಿಗೂ, ಮತವನ್ನೇ ಕೊಡದವರಿಗೂ, ಇನ್ನೂ ಮತದ ವಯಸ್ಸಿಗೆ ಬಾರದ ಮಕ್ಕಳಿಗೂ ಅವನೇ ಪ್ರತಿನಿಧಿ.

ಸಂತೇಮರಹಳ್ಳಿಯ ಆ ಇಬ್ಬರು ಅಭ್ಯರ್ಥಿಗಳ ಮುಂದಿನ ಬಾಳು ಕೂಡ ಬೋಧಪ್ರದವಾಗಿದೆ. ಒಂದು ಮತದಿಂದ ಗೆದ್ದ ಧ್ರುವನಾರಾಯಣ ಅವರು 2008ರಲ್ಲಿ ಕೊಳ್ಳೇಗಾಲದಿಂದ ವಿಧಾನಸಭೆಗೂ 2009 ಹಾಗೂ 2014ರಲ್ಲಿ ಚಾಮರಾಜನಗರದಿಂದ ಲೋಕಸಭೆಗೂ ಆಯ್ಕೆಯಾದರು. 2019ರ ಲೋಕಸಭಾ ಚುನಾವಣೆಯಲ್ಲಿ ವಿ. ಶ್ರೀನಿವಾಸಪ್ರಸಾದ್ ಅವರೆದುರು 1,817 ಮತಗಳ ಅಂತರದಿಂದ ಸೋತರು. ಒಮ್ಮೆ ಕೂದಲೆಳೆಯ ಗೆಲುವನ್ನು ಕೊಟ್ಟ ಜನಮತ ಇನ್ನೊಮ್ಮೆ ಅಂಥದೇ ಕಿರಿದಾದ ಸೋಲನ್ನೂ ಕೊಟ್ಟಿತು. 2023ರ ಮಾರ್ಚ್ 11ರಂದು ಅವರು ನಿಧನರಾದರು. ಕೃಷ್ಣಮೂರ್ತಿಯವರು ಮುಂದೆ ಕಾಂಗ್ರೆಸ್ ಪಕ್ಷವನ್ನು ಸೇರಿ 2018ರಲ್ಲಿ ಕೊಳ್ಳೇಗಾಲದಿಂದ ಸ್ಪರ್ಧಿಸಿ ಸೋತು, 2023ರ ಮೇ ತಿಂಗಳಿನಲ್ಲಿ ಅದೇ ಕ್ಷೇತ್ರದಿಂದ 59,519 ಮತಗಳ ಅಂತರದಲ್ಲಿ ಗೆದ್ದರು. ಒಂದು ಮತದ ಸೋಲಿಗೂ ಆ ಗೆಲುವಿಗೂ ನಡುವೆ ಹತ್ತೊಂಬತ್ತು ವರ್ಷಗಳು ಸಂದಿದ್ದವು.

ಸಂತೇಮರಹಳ್ಳಿ ಎಂಬ ಊರು ಇಂದಿಗೂ ಇದೆ. ಸಂತೇಮರಹಳ್ಳಿ ಎಂಬ ವಿಧಾನಸಭಾ ಕ್ಷೇತ್ರ ಇಲ್ಲ. 2001ರ ಜನಗಣತಿಯ ಆಧಾರದ ಮೇಲೆ ಕ್ಷೇತ್ರಗಳ ಎಲ್ಲೆಗಳನ್ನು ಹೊಸದಾಗಿ ಗುರುತಿಸಲಾಯಿತು. ಆ ಹೊಸ ಎಲ್ಲೆಗಳಂತೆ 2008ರ ಮೇ ತಿಂಗಳಿನಲ್ಲಿ ಚುನಾವಣೆ ನಡೆದಾಗ ಸಂತೇಮರಹಳ್ಳಿಯ ಹೆಸರು ಕ್ಷೇತ್ರಗಳ ಪಟ್ಟಿಯಿಂದ ಮರೆಯಾಗಿ, ಊರು ಕೊಳ್ಳೇಗಾಲ ಕ್ಷೇತ್ರಕ್ಕೆ ಸೇರಿತು. ಕ್ಷೇತ್ರದ ಎಲ್ಲೆಗಳು ಬದಲಾಗುತ್ತವೆ. ಅಭ್ಯರ್ಥಿಗಳು ಬರುತ್ತಾರೆ, ಹೋಗುತ್ತಾರೆ. ಪಕ್ಷಗಳು ಏಳುತ್ತವೆ, ಬೀಳುತ್ತವೆ. ಬದಲಾಗದೆ ಉಳಿಯುವುದು ಮತದಾರನ ಬೆರಳಿನ ತುದಿಯಲ್ಲಿರುವ ಹೊಣೆಯೊಂದೇ. ಆ ಬೆರಳಿನ ಮೇಲಿನ ಶಾಯಿಯ ಗುರುತು ಕೆಲವು ವಾರಗಳಲ್ಲಿ ಉಗುರಿನೊಂದಿಗೆ ಬೆಳೆದು ಮಾಸಿಹೋಗುತ್ತದೆ. ಆದರೆ ಅಂದು ಹಾಕಿದ ಮತ, ಅಥವಾ ಹಾಕದೆ ಬಿಟ್ಟ ಮತ, ಮುಂದಿನ ಐದು ವರ್ಷಗಳ ಕಾಲ ಊರಿನ ಬಾಳಿನ ಮೇಲೆ ತನ್ನ ಗುರುತನ್ನು ಉಳಿಸಿರುತ್ತದೆ.

ಪದಗಳ ಅರ್ಥ

ಆಯವ್ಯಯ – ಆದಾಯ ಮತ್ತು ವೆಚ್ಚದ ಅಂದಾಜು ಪಟ್ಟಿ
ಠೇವಣಿ – ಮುಂಗಡವಾಗಿ ಕಟ್ಟಿಡುವ ಹಣ
ಡಂಗುರ – ತಮಟೆ ಬಾರಿಸಿ ಊರಿಗೆ ಸಾರುವುದು
ಪೋಡು – ಸೋಲಿಗರು ವಾಸಿಸುವ ಕಾಡಿನ ಹಳ್ಳಿ
ಬೋಗುಣಿ – ಅಗಲವಾದ ಬಾಯುಳ್ಳ ಪಾತ್ರೆ
ಬೋಧಪ್ರದ – ತಿಳಿವಳಿಕೆ ನೀಡುವ
ಸಿಂಧು – ಕ್ರಮಬದ್ಧವಾದ, ಊರ್ಜಿತವಾದ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಇಬ್ಬರು ಮುಖ್ಯ ಅಭ್ಯರ್ಥಿಗಳು ಪಡೆದ ಮತಗಳೆಷ್ಟು?
2. ಮೈಸೂರು ಪ್ರಜಾಪ್ರತಿನಿಧಿ ಸಭೆ ಯಾವಾಗ ಆರಂಭವಾಯಿತು?
3. ಮತಗಳು ಸಮವಾದಾಗ ಚುನಾವಣಾಧಿಕಾರಿ ಏನು ಮಾಡುತ್ತಾನೆ?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮೀಸಲು ಕ್ಷೇತ್ರವೆಂದರೇನು? ಅದರ ಉದ್ದೇಶವೇನು?
2. ಶಾಸಕನ ಮುಖ್ಯ ಕರ್ತವ್ಯಗಳಾವುವು?
3. ಸೋಲಿನ ಭಾರವನ್ನು ಚಾಲಕನೊಬ್ಬನ ಮೇಲೆ ಹೊರಿಸುವುದು ನ್ಯಾಯವಲ್ಲ, ಏಕೆ?

ಇ. ಈ ಮಾತುಗಳನ್ನು ಸಂದರ್ಭದೊಂದಿಗೆ ವಿವರಿಸಿರಿ.
1. ‘ಬೋಗುಣಿಯೊಳಗಿನ ಡಬ್ಬಿಗೆ ವಿವೇಕವಿಲ್ಲ.’
2. ‘ಎಲ್ಲವೂ ಅದೇ.’

ಈ. ನಿಮ್ಮ ಊರು ಯಾವ ವಿಧಾನಸಭಾ ಕ್ಷೇತ್ರಕ್ಕೆ ಸೇರಿದೆ? ಕಳೆದ ಚುನಾವಣೆಯಲ್ಲಿ ಅಲ್ಲಿ ಗೆದ್ದವರ ಹಾಗೂ ಎರಡನೆಯ ಸ್ಥಾನ ಪಡೆದವರ ಮತಗಳ ಅಂತರವೆಷ್ಟು? ಹಿರಿಯರಿಂದ ಕೇಳಿ ತಿಳಿದು ಬರೆಯಿರಿ.